ನಡುಪುಟ ಯಾರಿಗೆ? ಕಾಲೇಜು ರಾಕ್ ಪತ್ರಿಕೆಯ 16 ಪುಟಗಳ ಲೆಕ್ಕ

 

ಹೋದ ವಾರ ಒಬ್ಬ ಹುಡುಗ ವಾಯ್ಸ್ ನೋಟ್ ಕಳಿಸಿದ್ದ. "ಅಣ್ಣಾ, ನಮ್ಮ ಕಾಲೇಜಲ್ಲಿ ರಾಕ್ ಮ್ಯೂಸಿಕ್ ಮೇಲೆ ಒಂದು ಮ್ಯಾಗಜಿನ್ ಮಾಡ್ತಿದ್ದೀವಿ. ಪ್ರಿಂಟ್ ಮಾಡ್ಸೋದು. ಪೇಜ್ ಲೇಔಟ್‌ಗೆ ಯಾವ ಆ್ಯಪ್ ಒಳ್ಳೇದು?" ಅಂತ.

ತಮ್ಮಾ, ಆ್ಯಪ್ ಆಮೇಲೆ. ಮೊದಲು 4 ಖಾಲಿ ಹಾಳೆ, ಒಂದು ಪೆನ್ಸಿಲ್ ತಗೋ. ನಾನು ಬಿಕಾಂ ಓದಿದವನು, ಡಿಸೈನರ್ ಅಲ್ಲ. ಆದ್ರೆ ಡಿಗ್ರಿ ಎರಡನೇ ವರ್ಷದಲ್ಲಿ ನಾವು ಐದು ಜನ ಸೇರಿ ಇಂಥದ್ದೇ ಒಂದು ಪತ್ರಿಕೆ ತಂದಿದ್ವಿ. 16 ಪುಟ, 300 ಪ್ರತಿ. ಅದರಲ್ಲಿ ನಾನು ಮಾಡಿದ ಒಂದು ತಪ್ಪು ಇವತ್ತಿಗೂ ಮನಸ್ಸಲ್ಲಿ ಕೂತಿದೆ. ಅದನ್ನೂ ಹೇಳ್ತೀನಿ.

ಮೊದಲು ಹಾಳೆ ವಿಷಯ. ನಾಲ್ಕು ಎ4 ಹಾಳೆ ಒಂದರ ಮೇಲೊಂದು ಇಟ್ಟು ಮಧ್ಯಕ್ಕೆ ಮಡಚಿ. 16 ಪುಟದ ಪುಟ್ಟ ಪುಸ್ತಕ ಆಯ್ತು. ಪ್ರೆಸ್‌ನವರು ಇದಕ್ಕೆ ಡಮ್ಮಿ ಅಂತಾರೆ. 1ರಿಂದ 16ರವರೆಗೆ ನಂಬರ್ ಹಾಕಿ, ಯಾವ ಪುಟದಲ್ಲಿ ಏನು ಅಂತ ಒಂದೊಂದು ಸಾಲು ಬರೀರಿ. ಮಡಚಿ ಪಿನ್ ಹೊಡೆಯೋ ಪತ್ರಿಕೆಯಲ್ಲಿ ಪುಟಗಳು ನಾಲ್ಕರ ಲೆಕ್ಕದಲ್ಲೇ ಬೆಳೆಯೋದು. 16 ಸಾಲದಿದ್ರೆ 20. 17 ಅನ್ನೋದು ಇಲ್ಲವೇ ಇಲ್ಲ.

ಈಗ ಹಾಳೆ ಬಿಚ್ಚಿ ನೋಡಿ. 1ರ ಪಕ್ಕ 16 ಇರುತ್ತೆ. ಅದರ ಹಿಂದೆ 2, 15. ಇನ್ನೊಂದು ಹಾಳೆಯಲ್ಲಿ 5ರ ಜೊತೆ 12. ಯಾವ ಜೋಡಿ ಕೂಡಿದ್ರೂ 17. ಇದು ಗೊತ್ತಿಲ್ಲದೆ ನಾವು 5ನೇ ಪುಟದಲ್ಲಿ ಗಿಟಾರಿಸ್ಟ್ ಫೋಟೋ ಒಂದೇ ಒಂದು ಕಲರಲ್ಲಿ ಬರಲಿ ಅಂತ ಪ್ರೆಸ್‌ಗೆ ಹೋಗಿದ್ವಿ. ಅಲ್ಲಿದ್ದ ಹಿರಿಯರು ಕನ್ನಡಕದ ಮೇಲಿಂದ ನೋಡಿ, "ಬಿಕಾಂ ಓದ್ತೀಯಲ್ಲಪ್ಪಾ, ಕೂಡೋಕೆ ಬರಲ್ವಾ? 5 ಕಲರ್ ಆದ್ರೆ 12ಕ್ಕೂ ಕಲರ್ ದುಡ್ಡು ಕೊಡ್ಬೇಕು. ಒಂದೇ ಹಾಳೆ, ಒಂದೇ ಮಗ್ಗುಲು" ಅಂದ್ರು. ಕೊನೆಗೆ 1 ಮತ್ತು 16, ಅಂದ್ರೆ ಮುಖಪುಟ ಮತ್ತು ಹಿಂಬದಿ ರಕ್ಷಾಪುಟ ಮಾತ್ರ ಕಲರ್ ಮಾಡಿದ್ವಿ.

ಇನ್ನೊಂದು. ಓದೋವಾಗ ಒಟ್ಟಿಗೆ ಕಾಣೋದು 2-3, 4-5, 6-7. ಹಾಗಾಗಿ ಎರಡು ಪುಟದ ಲೇಖನ ಸಮಸಂಖ್ಯೆ ಪುಟದಲ್ಲೇ ಶುರುವಾಗ್ಬೇಕು. 5ರಲ್ಲಿ ಶುರು ಮಾಡಿದ್ರೆ ಓದುಗ ಅರ್ಧಕ್ಕೇ ಪುಟ ತಿರುಗಿಸ್ಬೇಕು. ಸ್ಟೇಜ್ ಫೋಟೋ ವಿಷಯದಲ್ಲೂ ಹುಷಾರು. ಫೋನಲ್ಲಿ ಕೆಂಪು ಲೈಟಿನ ಫೋಟೋ ಸಖತ್ತಾಗಿ ಕಾಣುತ್ತೆ, ಕಪ್ಪು-ಬಿಳುಪಲ್ಲಿ ಅಚ್ಚಾದ್ರೆ ಮಸಿ ಚೆಲ್ಲಿದ ಹಾಗೆ ಇರುತ್ತೆ. ಮುಖದ ಮೇಲೆ ಬೆಳಕು ಬಿದ್ದಿರೋದನ್ನೇ ಆರಿಸ್ಕೊಳ್ಳಿ. ಕನ್ನಡ, ಇಂಗ್ಲಿಷ್ ಎರಡೂ ಹಾಕೋದಾದ್ರೆ ಕನ್ನಡಕ್ಕೆ ಸಾಲುಗಳ ನಡುವೆ ಜಾಸ್ತಿ ಜಾಗ ಬಿಡಿ. ಇಲ್ಲಾಂದ್ರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತೆ.

ಇಷ್ಟೆಲ್ಲ ಕೇಳಿ ಹೆದರ್ಕೋಬೇಡಿ. ರಾಕ್ ಪತ್ರಿಕೆಗಳ ಇತಿಹಾಸ ನೋಡಿದ್ರೆ ಶುರು ಮಾಡಿದವರಲ್ಲಿ ನಮ್ಮಂಥವರು ತುಂಬಾ ಜನ. 1966ರಲ್ಲಿ ಅಮೆರಿಕದ ಸ್ವಾರ್ತ್‌ಮೋರ್ ಕಾಲೇಜಲ್ಲಿ ಓದ್ತಿದ್ದ ಪಾಲ್ ವಿಲಿಯಮ್ಸ್ 'ಕ್ರಾಡ್ಯಾಡಿ' ಪತ್ರಿಕೆ ಶುರು ಮಾಡಿದಾಗ ಅವನಿಗೆ 17 ವರ್ಷ. ನಮ್ಮ ಸೈಕ್ಲೋಸ್ಟೈಲ್ ಥರದ ಪ್ರತಿಗಳು. 'ರೋಲಿಂಗ್ ಸ್ಟೋನ್' ಬಂದಿದ್ದು ಅದಾದ ಮೇಲೆ, 1967ರ ನವೆಂಬರಲ್ಲಿ. 1976ರಲ್ಲಿ ಲಂಡನ್ನಲ್ಲಿ ಮಾರ್ಕ್ ಪೆರ್ರಿ ಅನ್ನೋ ಬ್ಯಾಂಕ್ ಗುಮಾಸ್ತ 'ಸ್ನಿಫಿನ್ ಗ್ಲೂ' ತಂದ. ಟೈಪ್‌ರೈಟರಲ್ಲಿ ಲೇಖನ, ಸ್ಕೆಚ್ ಪೆನ್ನಲ್ಲಿ ಕೈಬರಹದ ಹೆಡ್ಡಿಂಗ್, ಜೆರಾಕ್ಸ್ ಪ್ರತಿ. ಅಷ್ಟೇ ಲೇಔಟ್!

ನಮ್ಮ ದೇಶದಲ್ಲಿ 1993ರಲ್ಲಿ ಅಮಿತ್ ಸೈಗಲ್ ಮತ್ತವರ ಜೊತೆಗಾರರು 'ರಾಕ್ ಸ್ಟ್ರೀಟ್ ಜರ್ನಲ್' ಶುರು ಮಾಡಿದ್ರು. ಮುಂಬೈಯಿಂದ ಅಲ್ಲ, ಬೆಂಗಳೂರಿಂದ ಅಲ್ಲ, ಅಲಹಾಬಾದ್‌ನಿಂದ. ವಿದೇಶಿ ಬ್ಯಾಂಡ್‌ಗಳ ಜೊತೆಗೆ ನಮ್ಮ ಊರುಗಳ ಬ್ಯಾಂಡ್‌ಗಳಿಗೂ ಅವರು ಜಾಗ ಕೊಟ್ರು. ಆಮೇಲೆ ಅದೇ ಬಳಗದಿಂದ 'ಗ್ರೇಟ್ ಇಂಡಿಯನ್ ರಾಕ್' ಉತ್ಸವವೂ ಹುಟ್ಕೊಳ್ತು. ಯಾರಿಗೆ ಎಷ್ಟು ಜಾಗ ಅನ್ನೋದು ಇವರಿಗೆಲ್ಲ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ನಮ್ಮ ಕಾಲೇಜಲ್ಲಿ ಒಂದು ಬ್ಯಾಂಡ್ ಇತ್ತು. ನಾಲ್ಕು ಹುಡುಗರು. ಎಲ್ಲರೂ ಕವರ್ ಹಾಡು ಹಾಡ್ತಿದ್ದಾಗ ಇವರು ಸ್ವಂತ ಹಾಡು ಮಾಡಿದ್ರು, ಎರಡು ಕನ್ನಡದಲ್ಲಿ. ಕ್ಯಾಂಟೀನ್ ಹಿಂದೆ ಕೂತು ಎರಡು ಗಂಟೆ ಸಂದರ್ಶನ ಮಾಡಿದ್ದೆ. ಡ್ರಮ್ಮರ್, ಮನೇಲಿ ಖಾಲಿ ಪೇಂಟ್ ಡಬ್ಬ ಬಡಿದು ಕಲಿತಿದ್ದು, ಅವರಮ್ಮ ರಾತ್ರಿ ಹೊಲಿಗೆ ಮಿಷನ್ ತುಳಿಯೋವಾಗ ಆ ತಾಳಕ್ಕೇ ಪ್ರಾಕ್ಟೀಸ್ ಮಾಡಿದ್ದು, ಎಲ್ಲ ಹೇಳಿದ್ದ. ಡಮ್ಮಿಯಲ್ಲಿ ಇದಕ್ಕೆ 8-9 ಇಟ್ಟಿದ್ದೆ. ನಡುಪುಟ. ಎರಡು ಪುಟ ಸೇರಿ ಒಂದೇ ಹಾಳೆ ಆಗೋದು ಒಳಗಡೆ ಅಲ್ಲಿ ಮಾತ್ರ. ಪತ್ರಿಕೆ ತಾನಾಗೇ ತೆರ್ಕೊಳ್ಳೋದೂ ಅಲ್ಲೇ.

ಪ್ರಿಂಟಿಗೆ ಹೋಗೋ ಹಿಂದಿನ ವಾರ ದುಡ್ಡು ಕಮ್ಮಿ ಬಿತ್ತು. ಒಂದು ಕೋಚಿಂಗ್ ಸೆಂಟರ್‌ನವರು 6,000 ರೂಪಾಯಿ ಕೊಡ್ತೀವಿ, ನಡುಪುಟ ಬೇಕು ಅಂದ್ರು. ನಾನೇ ಹೂಂ ಅಂದೆ. ಬ್ಯಾಂಡ್ 12ನೇ ಪುಟದ ಅರ್ಧಕ್ಕೆ ಹೋಯ್ತು. ಫೋಟೋ ಬೆಂಕಿಪೊಟ್ಟಣದಷ್ಟು. ಪೇಂಟ್ ಡಬ್ಬ, ಹೊಲಿಗೆ ಮಿಷನ್ ಎಲ್ಲ ಕಟ್.

ಪತ್ರಿಕೆ ಕೈಗೆ ಬಂದ ದಿನ ಡ್ರಮ್ಮರ್ 12ನೇ ಪುಟ ನೋಡಿ, "ಚೆನ್ನಾಗಿದೆ ಮಗಾ" ಅಂದ. ಮಡಚಿ ಬ್ಯಾಗಿಗೆ ಹಾಕ್ಕೊಂಡ. ಆಮೇಲೆ ಆ ವಿಷಯ ಎತ್ತಲೇ ಇಲ್ಲ.

ಡಿಗ್ರಿ ಮುಗಿದ ಮೇಲೆ ಬ್ಯಾಂಡ್ ಚದುರಿಹೋಯ್ತು. ಹಾಡುಗಳ ರೆಕಾರ್ಡಿಂಗ್ ಯಾರ ಹತ್ರಾನೂ ಉಳೀಲಿಲ್ಲ. ಹೋದ ವರ್ಷ ಅವನು ಫೋನ್ ಮಾಡಿದ್ದ. ಅಮ್ಮ ತೀರ್ಕೊಂಡಿದ್ರು. "ಮಗಾ, ಅವತ್ತು ಅಮ್ಮನ ಬಗ್ಗೆ ಹೇಳಿದ್ನಲ್ಲ, ಅದು ಪೂರ್ತಿ ಇದ್ಯಾ ನಿನ್ನ ಹತ್ರ?" ಅಂತ ಕೇಳಿದ. ಇರಲಿಲ್ಲ. ಆ ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್ ಯಾವತ್ತೋ ಹೋಗಿತ್ತು.

ಆ ರಾತ್ರಿ ಹಳೇ ಪ್ರತಿ ತೆಗೆದು ನೋಡಿದೆ. ದುಡ್ಡಿಲ್ಲದೆ ಹಾಗಾಯ್ತು ಅಂತ ಇಷ್ಟು ವರ್ಷ ಸಮಾಧಾನ ಮಾಡ್ಕೊಂಡಿದ್ದೆ. ಹಿಂದೆ ತಿರುಗಿಸಿದೆ. 16ನೇ ಪುಟ, ಪೂರ್ತಿ ಕಲರ್. ಅಲ್ಲಿ ಏನಿತ್ತು ಗೊತ್ತಾ? ಕೂಲಿಂಗ್ ಗ್ಲಾಸ್ ಹಾಕ್ಕೊಂಡ ನಾವು ಐದು ಜನ ಸಂಪಾದಕರ ಫೋಟೋ. ಆ ಪುಟ ಕೊಡ್ತೀವಿ ಅಂದಿದ್ರೆ ಕೋಚಿಂಗ್ ಸೆಂಟರ್‌ನವರು ಬಹುಶಃ ಖುಷಿಯಾಗೇ ಒಪ್ತಿದ್ರು. ಕೇಳೋ ಯೋಚನೆ ಕೂಡ ನನಗೆ ಬರಲಿಲ್ಲ.

ಅದಕ್ಕೇ ತಮ್ಮಾ, ಡಮ್ಮಿ ಮಾಡಿದ ತಕ್ಷಣ ಮೊದಲು ಒಂದು ಕೆಲಸ ಮಾಡು. ಮಾರಬಾರದ ಪುಟ ಯಾವುದು ಅಂತ ತೀರ್ಮಾನ ಮಾಡಿ, ಪೆನ್ನಲ್ಲಿ ಬರಿ. ಉಳಿದಿದ್ದೆಲ್ಲ ಪೆನ್ಸಿಲಲ್ಲಿ. ಜಾಹೀರಾತಿಗೆ ಹಿಂಬದಿ ರಕ್ಷಾಪುಟ ಕೊಡು, 2 ಕೊಡು, 15 ಕೊಡು. ಸಂಪಾದಕರ ಹೆಸರು ಸಣ್ಣ ಅಕ್ಷರದಲ್ಲಿ ಒಂದು ಮೂಲೆಯಲ್ಲಿ ಸಾಕು. ದೊಡ್ಡ ಬ್ಯಾಂಡ್‌ಗಳ ಬಗ್ಗೆ ಬರೆಯೋಕೆ ಜಗತ್ತೇ ಇದೆ. ನಿಮ್ಮ ಕ್ಯಾಂಟೀನ್ ಹಿಂದೆ ಕೂತಿರೋ ಹುಡುಗರ ಬಗ್ಗೆ ನೀವು ಬರೆದಿದ್ದಷ್ಟೇ ಉಳಿಯೋದು. ಹಾಂ, ಸಂದರ್ಶನದ ಆಡಿಯೋ ಎರಡು ಕಡೆ ಸೇವ್ ಮಾಡಿಡಿ, ಪ್ಲೀಸ್.

ಪತ್ರಿಕೆ ಅಚ್ಚಾದ ಮೇಲೆ ನನಗೊಂದು ಪ್ರತಿ ಕಳ್ಸು. ಮೊದಲು ನಡುಪುಟ ತೆಗೆದು ನೋಡ್ತೀನಿ. ಮುಂದಿನ ವಾರ ಸಿಗೋಣ. ನಮಸ್ಕಾರ.