ಬೀದರ್–ಬೆಂಗಳೂರು: ದೂರ ಒಂದೇ, ಗಂಟೆಗಳು ಬೇರೆ

ಬೀದರ್ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 520 ಕಿಲೋಮೀಟರ್. ರಸ್ತೆ ಹಿಡಿದರೆ 650 ದಾಟುತ್ತದೆ. ದೂರ ಅಷ್ಟೇ ಇದ್ದರೂ ಪ್ರಯಾಣದ ಗಂಟೆಗಳು ಕಾಲಕಾಲಕ್ಕೆ ಬದಲಾಗಿವೆ. ಅವುಗಳನ್ನು ಹಿಗ್ಗಿಸಿದ್ದೂ ಕುಗ್ಗಿಸಿದ್ದೂ ಭೂಗೋಳಕ್ಕಿಂತ ಹೆಚ್ಚಾಗಿ ಆಳಿದವರ ತೀರ್ಮಾನಗಳು. 1956ರ ನವೆಂಬರ್ 1ರವರೆಗೆ ಬೀದರ್, ಅದೇ ಜಿಲ್ಲೆಯ ಭಾಲ್ಕಿ, ಔರಾದ್ ಹೈದರಾಬಾದ್ ರಾಜ್ಯದಲ್ಲಿದ್ದವು. ನಿಜಾಮರ ಕಾಲದಲ್ಲಿ ವಿಕಾರಾಬಾದಿನಿಂದ ಬೀದರ್, ಭಾಲ್ಕಿ ಮುಟ್ಟಿ ಪರಳಿಯತ್ತ ಹಾಕಿದ ಹಳಿಗೆ ಹೈದರಾಬಾದೇ ಕೇಂದ್ರ. ಏಕೀಕರಣದಿಂದ ನಮ್ಮ ರಾಜಧಾನಿ ಬದಲಾಯಿತು, ಹಳಿಯ ದಿಕ್ಕು ಬದಲಾಗಲಿಲ್ಲ. ವಿಭಾಗದ ಕೇಂದ್ರವಾದ ಕಲಬುರಗಿಗೇ ಬೀದರಿನಿಂದ ನೇರ ರೈಲು ಮಾರ್ಗ ಪೂರ್ಣಗೊಂಡು ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. 110 ಕಿಲೋಮೀಟರ್ ಹಳಿಗೆ ಆರು ದಶಕ ಕಾಯಬೇಕಾಯಿತು.

ಆಕಾಶದ ಕಥೆ ಇನ್ನೂ ವಿಚಿತ್ರ. ಎರಡನೆಯ ಮಹಾಯುದ್ಧದ ಕಾಲದಿಂದಲೂ ಬೀದರಿನಲ್ಲಿ ರನ್‌ವೇ ಇದೆ. ವಾಯುಪಡೆಯ ಪೈಲಟ್‌ಗಳು ಇಲ್ಲಿ ತರಬೇತಿ ಪಡೆದರು, ವಾಯುಪಡೆಯ ವೈಮಾನಿಕ ಪ್ರದರ್ಶನ ತಂಡ ಸೂರ್ಯಕಿರಣ್ 1996ರಲ್ಲಿ ಇಲ್ಲೇ ಹುಟ್ಟಿತು. ಊರಿನ ಜನ ಮಾತ್ರ ತಲೆಯ ಮೇಲೆ ಹಾರುವ ವಿಮಾನ ನೋಡುತ್ತ ರಾತ್ರಿ ರೈಲಿಗೆ ಹೊರಡುತ್ತಿದ್ದರು. ನಾಗರಿಕ ಟರ್ಮಿನಲ್ ಎದ್ದ ಮೇಲೂ ವರ್ಷಗಟ್ಟಲೆ ಖಾಲಿ ಉಳಿಯಿತು. 2008ರಲ್ಲಿ ಆರಂಭವಾದ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣದ ಒಪ್ಪಂದದಲ್ಲಿ, 150 ಕಿಲೋಮೀಟರ್ ಒಳಗೆ 25 ವರ್ಷ ಇನ್ನೊಂದು ನಿಲ್ದಾಣ ಬೇಡ ಎಂಬ ಷರತ್ತಿತ್ತು. ಬೀದರ್ ಆ ವೃತ್ತದೊಳಗೆ ಬಿತ್ತು. ಕೇಂದ್ರ ಸರ್ಕಾರದ ಪ್ರಾದೇಶಿಕ ವಿಮಾನ ಸಂಪರ್ಕ ಯೋಜನೆ ಉಡಾನ್ ಅಡಿ 2020ರ ಫೆಬ್ರವರಿ 7ರಂದು ಟ್ರೂಜೆಟ್ ಕಂಪನಿಯ ವಿಮಾನ ಬೆಂಗಳೂರಿಗೆ ಹಾರಿತು, ಆಮೇಲೆ ನಿಂತಿತು. 2022ರ ಜೂನ್‌ನಲ್ಲಿ ಸ್ಟಾರ್ ಏರ್ ಬಂತು, 2023ರ ಕೊನೆಗೆ ಅದೂ ನಿಂತು, 2025ರ ಏಪ್ರಿಲ್‌ನಲ್ಲಿ ಮತ್ತೆ ಆರಂಭವಾಯಿತು.

ಹೈದರಾಬಾದ್ ರಸ್ತೆಯಲ್ಲಿ ಸುಮಾರು 140 ಕಿಲೋಮೀಟರ್ ಇರುವಾಗ ಬೀದರಿಗೆ ವಿಮಾನವೇಕೆ ಎಂದು ಕೇಳುವವರಿದ್ದಾರೆ. ಆಸ್ಪತ್ರೆಗೆ, ವ್ಯಾಪಾರಕ್ಕೆ ಹೈದರಾಬಾದ್ ನಮಗೆ ಹತ್ತಿರ, ಒಪ್ಪೋಣ. ಆದರೆ ವಿಧಾನಸೌಧದ ಕಡತ, ನೇಮಕಾತಿಯ ಸಂದರ್ಶನ, ಇಲಾಖೆಯ ಮಂಜೂರಾತಿ ಇರುವುದು ಬೆಂಗಳೂರಿನಲ್ಲಿ. ಪರರಾಜ್ಯದ ನಿಲ್ದಾಣಕ್ಕೆ ಹೋಗಿ ತನ್ನ ರಾಜಧಾನಿಗೆ ಹಾರುವುದನ್ನು ಸಹಜ ಎನ್ನಲಾಗದು. ಸೀಟು ತುಂಬದಿದ್ದರೆ ಕಂಪನಿ ನಷ್ಟಕ್ಕೆ ಹಾರಿಸಬೇಕೇ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಇಂಥ ಮಾರ್ಗಗಳಿಗೆ ಉಡಾನ್ ಮೂರು ವರ್ಷ ನಷ್ಟಭರ್ತಿ ಕೊಡುವುದೂ ಆ ಕಾರಣಕ್ಕೇ. ಆದರೆ ಪ್ರಯಾಣಿಕರ ರೂಢಿ ಬೆಳೆಯುವುದು ಸೇವೆ ನಿಲ್ಲದಿದ್ದಾಗ. ಮುಂದಿನ ತಿಂಗಳು ವಿಮಾನ ಇರುತ್ತದೋ ಇಲ್ಲವೋ ಎಂಬ ಊರಿನಲ್ಲಿ ಜನ ರೈಲಿನ ಟಿಕೆಟನ್ನೇ ಮೊದಲು ಕಾಯ್ದಿರಿಸುತ್ತಾರೆ. ಆಮೇಲೆ ಸೀಟು ಖಾಲಿ ಎಂದು ಅವರನ್ನು ದೂರುವುದು ನ್ಯಾಯವಲ್ಲ.

ವಿಮಾನ ಗಾಳಿಯಲ್ಲಿರುವುದು ಒಂದೂವರೆ ಗಂಟೆಯೊಳಗೆ. ಔರಾದಿನವರಿಗೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಬೀದರಿಗೆ ಬರಲು ಒಂದು ಗಂಟೆ, ನಿಲ್ದಾಣದ ತಪಾಸಣೆಗೆ ಇನ್ನೊಂದು, ದೇವನಹಳ್ಳಿಯಿಂದ ಊರೊಳಗೆ ಮತ್ತೊಂದೂವರೆ: ಐದು ಗಂಟೆ. ಆದರೂ ರೈಲಿಗೆ ಹೋಲಿಸಿದರೆ ಒಂದು ಇಡೀ ರಾತ್ರಿ ಉಳಿಯುತ್ತದೆ. ಭಾಲ್ಕಿಗೆ ಹಳಿಯಾದರೂ ಇದೆ, ಔರಾದಿಗೆ ಅದೂ ಇಲ್ಲ. ಟಿಕೆಟಿನ ದರ ಕೈಗೆಟುಕದ ಕೂಲಿಕಾರ, ವಿದ್ಯಾರ್ಥಿಗೆ ವಿಮಾನದಿಂದ ಏನೂ ಉಳಿಯದು ಎಂಬುದೂ ನಿಜ. ಅದಕ್ಕೇ ವಿಮಾನ ಬಂತೆಂದು ರೈಲಿನ ಬೇಡಿಕೆಯನ್ನು ಪಕ್ಕಕ್ಕಿಡಬಾರದು. ಬೀದರಿನಿಂದ ಔರಾದ್ ಮೂಲಕ ನಾಂದೇಡಕ್ಕೆ ಹಳಿ ಬೇಕೆಂಬ ಕೂಗು ಹಳೆಯದು, ಅದು ಇವತ್ತಿಗೂ ಅಷ್ಟೇ ನ್ಯಾಯವಾದದ್ದು.