ಗುಡ್ಡ ಜರಿದ ಮೇಲೆ ಹಣದ ಲೆಕ್ಕ
(ಉತ್ಸವದ ಸಭಾ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಪಾಠ)



ವಯನಾಡಿಗೆ ಮಳೆ ಹೊಸದಲ್ಲ, ಮಲೆಯಾಳಿಗರು ಉರುಳ್‌ಪೊಟ್ಟಲ್ ಎನ್ನುವ ಗುಡ್ಡ ಕುಸಿತವೂ ಹೊಸದಲ್ಲ. ಮೇಪ್ಪಾಡಿ ಪಂಚಾಯತಿನ ಮುಂಡಕ್ಕೈಯಲ್ಲಿ 1984ರಲ್ಲಿಯೇ ಗುಡ್ಡ ಜರಿದು 14 ಜನ ಸತ್ತರು. 2019ರ ಆಗಸ್ಟ್ 8ರಂದು ಪುತ್ತುಮಲೆಯಲ್ಲಿ 17 ಜನ ಬಲಿಯಾದರು. 2024ರ ಜುಲೈ 30ರ ನಸುಕಿನಲ್ಲಿ ಪುಂಜಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲೆಗಳು ಕೊಚ್ಚಿಹೋದವು. ಸತ್ತವರೂ ಕಾಣೆಯಾದವರೂ ಸೇರಿ ಸುಮಾರು 300 ಜನ. ಎಷ್ಟೋ ದೇಹಗಳು ಚಾಲಿಯಾರ್ ಹೊಳೆಯಲ್ಲಿ ನಿಲಂಬೂರಿನವರೆಗೆ ತೇಲಿಹೋದವು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು 190 ಅಡಿ ಉದ್ದದ ಬೈಲಿ ಸೇತುವೆಯನ್ನು ಆಗಸ್ಟ್ 1ಕ್ಕೇ ಮುಗಿಸಿದರು. ಸೇತುವೆ ಮೂರು ದಿನದೊಳಗೆ ಬಂತು. ಹಣ ಹಾಗೆ ಬರಲಿಲ್ಲ.

ಜನಸಾಮಾನ್ಯರು ಒಂದು ಮಾತು ತಿಳಿಯಬೇಕು. ಪರಿಹಾರದ ಹಣ ಬೇರೆ, ಪುನರ್ವಸತಿಯ ಹಣ ಬೇರೆ. ರಾಜ್ಯ ವಿಪತ್ತು ನಿಧಿಗೆ ಕೇರಳದಂಥ ರಾಜ್ಯಗಳಲ್ಲಿ ಕೇಂದ್ರದ್ದು ನೂರಕ್ಕೆ 75, ರಾಜ್ಯದ್ದು 25. ಅದು ಗಂಜಿ, ಔಷಧಿ, ಮೃತರ ಕುಟುಂಬಕ್ಕೆ 4 ಲಕ್ಷ ರೂಪಾಯಿ, ಇಂಥ ತುರ್ತು ಖರ್ಚಿಗೆ. ಊರನ್ನೇ ಹೊಸದಾಗಿ ಕಟ್ಟಲು ಅದು ಸಾಲದು. ಅದಕ್ಕೆ ಕೇರಳ ಸರಕಾರ ಹಾಕಿದ ಅಂದಾಜು 2,200 ಕೋಟಿಗೂ ಹೆಚ್ಚು. ಕೇಂದ್ರದಿಂದ 2025ರ ಫೆಬ್ರವರಿಯಲ್ಲಿ 529.50 ಕೋಟಿ ಮಂಜೂರಾಯಿತು. ಅದು ದಾನವಲ್ಲ, 50 ವರ್ಷದ ಬಡ್ಡಿಯಿಲ್ಲದ ಸಾಲ. ಪುನರ್ನಿರ್ಮಾಣದ ನಿಧಿಯಿಂದ 260.56 ಕೋಟಿಗೆ ಒಪ್ಪಿಗೆ ಸಿಕ್ಕಿದ್ದು 2025ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಎರಡು ಮಳೆಗಾಲ ಕಳೆದಿದ್ದವು.

ಕಲ್ಪೆಟ್ಟ ಪಟ್ಟಣದ ಎಲ್‌ಸ್ಟನ್ ಎಸ್ಟೇಟಿನಲ್ಲಿ ಹೊಸ ಬಡಾವಣೆಗೆ 2025ರ ಮಾರ್ಚ್ 27ರಂದು ಶಿಲಾನ್ಯಾಸವಾಯಿತು. 7 ಸೆಂಟ್ಸ್ ಜಾಗ, 1,000 ಚದರ ಅಡಿಯ ಮನೆ. ಮನೆ ಬೇಡವೆಂದವರಿಗೆ 15 ಲಕ್ಷ. ಕರ್ನಾಟಕ ಸರಕಾರವೂ 100 ಮನೆಗಳ ನೆರವು ಘೋಷಿಸಿತು. ಗಡಿಯಾಚೆಯ ನೆಂಟಸ್ತನ ಕಷ್ಟಕಾಲದಲ್ಲಿಯೇ ಗೊತ್ತಾಗುವುದು.

ಆದರೆ ಬ್ಯಾಂಕಿನ ಕಂತು ಮನೆ ಏಳುವವರೆಗೆ ಕಾಯುವುದಿಲ್ಲ. ಅಂಗಡಿ ಹೊಳೆಗೆ ಹೋಯಿತು, ಅಂಗಡಿಯ ಮೇಲಿನ ಸಾಲ ಹೋಗಲಿಲ್ಲ. ಕೇರಳ ಬ್ಯಾಂಕು ಚೂರಲ್‌ಮಲೆ ಶಾಖೆಯ ಸಂತ್ರಸ್ತರ ಸಾಲ ಮನ್ನಾ ಮಾಡಿ ದೊಡ್ಡತನ ತೋರಿಸಿತು. ಉಳಿದ ಬ್ಯಾಂಕುಗಳ ಸಾಲದ ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಸಾಲದಲ್ಲಿ ರಿಯಾಯಿತಿಗೆ ಶಿಫಾರಸು ಮಾಡುವ ಅಧಿಕಾರ ರಾಷ್ಟ್ರೀಯ ವಿಪತ್ತು ಪ್ರಾಧಿಕಾರಕ್ಕೆ ಇತ್ತು. ಆ 13ನೆಯ ಕಲಮು 2025ರ ತಿದ್ದುಪಡಿಯಲ್ಲಿ ಕಾನೂನಿನಿಂದಲೇ ಹೊರಟುಹೋಯಿತು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಆಗಬಾರದು. ಜಾಗದ ಪಟ್ಟೆ, ರೇಷನ್ ಕಾರ್ಡು, ಪಾಸ್‌ಬುಕ್ಕುಗಳ ನಕಲನ್ನು ದೂರದ ನೆಂಟರ ಮನೆಯಲ್ಲಿಯೂ ಒಂದು ಇಡಬೇಕು. ಬಾಡಿಗೆ ಮನೆಯವರು, ಎಸ್ಟೇಟ್ ಪಾಡಿಯವರು ವಾಸದ ದಾಖಲೆ ಮಾಡಿಸಿಕೊಳ್ಳಬೇಕು. ಪಟ್ಟಿಯಲ್ಲಿ ಹೆಸರಿಲ್ಲದವರ ಕಣ್ಣೀರಿಗೆ ಕಚೇರಿಯಲ್ಲಿ ಲೆಕ್ಕವಿಲ್ಲ. ವ್ಯಾಪಾರಿಗಳು ಸರಕಿಗೆ ವಿಮೆ ಮಾಡಿಸಬೇಕು. ದೇವಸ್ಥಾನದ ಸಮಿತಿಗಳು ಪ್ರತಿ ಉತ್ಸವದ ಉಳಿಕೆಯಲ್ಲಿ ಒಂದು ಪಾಲನ್ನು ಆಪತ್ಕಾಲಕ್ಕೆಂದು ಬೇರೆ ಖಾತೆಯಲ್ಲಿ ಇಟ್ಟರೆ, ಸರಕಾರದ ಹಣ ಬರುವ ತನಕ ನಾಲ್ಕು ಮನೆಯ ಒಲೆ ಉರಿದೀತು.

ದೇವರು ಈ ನಾಡನ್ನು ಕಾಯಲಿ. ದೇವರು ಕಾಯುತ್ತಾನೆಂದು ಮನುಷ್ಯ ಸುಮ್ಮನೆ ಕೂರದಿರಲಿ.