ಪ್ರಶ್ನೆಯೂ ಗುರುಸೇವೆಯೇ
(ಬೆಳ್ಳಟ್ಟಿಯಲ್ಲಿ ಮಹೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಮಠದ ವಿದ್ಯಾದಾನವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನನಗೆ ಅಪ್ಪಣೆಯಾಗಿರುವದು. ಮಹೋತ್ಸವದ ದಿವಸ ಹೊಗಳಿಕೆಯ ಮಾತು ಹೇಳುವವರು ಬಹುಮಂದಿಯುಂಟು. ನಾನು ಒಂದು ಕೊರತೆಯನ್ನೂ, ಅದಕ್ಕೆ ನಮ್ಮ ಮನೆಯಲ್ಲಿಯೇ ಇರುವ ಮದ್ದನ್ನೂ ಹೇಳಬೇಕೆಂದಿರುವೆನು.

ನಮ್ಮ ಮಕ್ಕಳು ವಚನಗಳನ್ನು ಬಾಯಿಪಾಠವಾಗಿ ಒಪ್ಪಿಸುವರು. ಶ್ಲೋಕಗಳನ್ನು ತಪ್ಪಿಲ್ಲದೆ ಹೇಳುವರು. ಅದು ಸಂತೋಷವೇ. ಆದರೆ 'ಇದು ಹೀಗೇಕೆ?' ಎಂದು ಕೇಳಿದೊಡನೆ ತಲೆ ತಗ್ಗಿಸುವರು. ಉತ್ತರ ತಿಳಿಯದೆ ತಗ್ಗಿಸಿದರೆ ದೋಷವಿಲ್ಲ. 'ಏಕೆ' ಎಂಬ ಮಾತೇ ಅಪರಾಧವೆಂದು ಅಂಜಿ ತಗ್ಗಿಸುವರು. ಆ ಅಂಜಿಕೆಯನ್ನು ಹುಟ್ಟಿಸಿದವರು ನಾವೇ. ಅದಕ್ಕೆ ಸಾಕ್ಷಿ ನಾನೇ ಆಗಿರುವೆನು.

ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ನಾನು ಹುಡುಗರಿಗೆ ತರ್ಕದ ಮೊದಲ ಪಾಠ ಹೇಳುತ್ತಿದ್ದೆನು. ಗುಡ್ಡದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟೆಂದು ತಿಳಿಯಬೇಕೆಂಬ ಪ್ರಸಿದ್ಧ ಉದಾಹರಣೆ ನಡೆದಿತ್ತು. ಒಬ್ಬ ಹುಡುಗನು ಎದ್ದು ನಿಂತು, "ಗುರುಗಳೇ, ನಿನ್ನೆ ಮುಂಜಾನೆ ಗುಡ್ಡದ ಮ್ಯಾಲೆ ನಾನು ನೋಡಿದ್ದು ಮಂಜು ಇತ್ರಿ. ದೂರದಿಂದ ಹೊಗಿ ಹಂಗ ಕಾಣತಿತ್ತು. ಹಿಂಗಾದ್ರ ಬೆಂಕಿ ಐತಿ ಅಂತ ಹ್ಯಾಂಗ ಹೇಳೋದ್ರಿ?" ಎಂದು ಕೇಳಿದನು. ಉಳಿದವರು ನಕ್ಕರು. ನನಗೆ ಸಿಟ್ಟು ಬಂದಿತು. "ಶಾಸ್ತ್ರವನ್ನು ತಿದ್ದಲಿಕ್ಕೆ ಬಂದೆಯಾ? ಕೂಡು" ಎಂದೆನು. ಅವನು ಕುಳಿತನು. ಆ ವರ್ಷ ಮತ್ತೆ ಏಳಲಿಲ್ಲ.

ಆ ರಾತ್ರಿ ಗ್ರಂಥವನ್ನು ತಿರುವಿ ನೋಡಿದಾಗ ನಾಚಿಕೆಯಾಯಿತು. ಹೇತುವೇ ಸಂದೇಹಕ್ಕೆ ಈಡಾಗಿದ್ದರೆ ಅದನ್ನು ಸಂದಿಗ್ಧಾಸಿದ್ಧವೆಂದು ತಾರ್ಕಿಕರು ಕರೆಯುವರು. ಅದಕ್ಕೆ ಪೂರ್ವಿಕರು ಕೊಟ್ಟ ಉದಾಹರಣೆ ಯಾವದು? ಕಾಣುವದು ಬಾಷ್ಪವೋ ಹೊಗೆಯೋ ಎಂಬ ಸಂಶಯವೇ! ನಾನು ಮರೆತಿದ್ದ ಪಾಠವನ್ನು ಆ ಹುಡುಗನು ಬರಿಗಣ್ಣಿನಿಂದ ಗುಡ್ಡವನ್ನು ನೋಡಿ ಕಂಡುಕೊಂಡಿದ್ದನು. ಮರುದಿನ ಆ ಮಾತನ್ನು ಅವನಿಗೆ ಹೇಳಬೇಕಾಗಿತ್ತು. ನನ್ನ ಹಮ್ಮು ಅಡ್ಡ ಬಂದಿತು, ಹೇಳಲಿಲ್ಲ. ಮುಂದಿನ ವರ್ಷ ಅವನು ಪಾಠಶಾಲೆಗೆ ಬರಲೇ ಇಲ್ಲ.

ಮಠದಲ್ಲಿ ನಿಂತು ಮಕ್ಕಳಿಗೆ ಪ್ರಶ್ನೆ ಕೇಳಲು ಕಲಿಸಿರೆಂದು ಹೇಳುವದು ಗುರುಭಕ್ತಿಗೆ ಊನವಲ್ಲವೇ ಎಂದು ಹಿರಿಯರು ಕೇಳಬಹುದು. ಯೋಗ್ಯವಾದ ಶಂಕೆ. ಆದರೆ ನಮ್ಮ ಮತದ ಮೂಲವನ್ನು ನೋಡಿರಿ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ಮೊದಲು ಸಂಕಲಿಸಿದ ಶೂನ್ಯಸಂಪಾದನೆಯು ಆದ್ಯಂತವಾಗಿ ಸಂವಾದವಾಗಿರುವದು. ಅಲ್ಲಮಪ್ರಭುಗಳು ಕೆರೆ ಕಟ್ಟಿಸುತ್ತಿದ್ದ ಸೊನ್ನಲಿಗೆಯ ಸಿದ್ಧರಾಮರನ್ನು ಪ್ರಶ್ನಿಸಿದರು. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಪರೀಕ್ಷಿಸಿದರು. ಅಣ್ಣನನ್ನು ಕಳೆದುಕೊಂಡ ಮುಕ್ತಾಯಕ್ಕನು ಪ್ರಭುಗಳ ಮಾತನ್ನು ಸುಮ್ಮನೆ ಒಪ್ಪದೆ ಎದುರುತ್ತರ ಕೊಟ್ಟಳು. ಅವಳನ್ನು ಅವಿಧೇಯಳೆಂದು ಯಾರೂ ಹೊರಗೆ ಹಾಕಲಿಲ್ಲ. ಅವಳ ಮಾತನ್ನು ಗ್ರಂಥದಲ್ಲಿ ಕಾಪಾಡಿದರು. ಪ್ರಶ್ನೆಗೆ ಅಂಜುವ ಗುರುಭಕ್ತಿಯನ್ನು ಶರಣರು ನಮಗೆ ಕಲಿಸಲಿಲ್ಲ.

ಆದರೂ ಎಲ್ಲ ಪ್ರಶ್ನೆಗಳೂ ಒಂದೇ ತೂಕದವಲ್ಲ. ಗೌತಮರ ನ್ಯಾಯಸೂತ್ರವು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿರುವದು. ಸತ್ಯವನ್ನು ತಿಳಿಯಲಿಕ್ಕೆ ನಡೆಯುವದು ವಾದ. ಗೆಲ್ಲಲಿಕ್ಕೆ ನಡೆಯುವದು ಜಲ್ಪ. ತನ್ನ ಪಕ್ಷವನ್ನೇ ಇಡದೆ ಪರರದನ್ನು ಕೆಡಹುವದೇ ವಿತಂಡೆ. ನಾವು ಮಕ್ಕಳಿಗೆ ಕಲಿಸತಕ್ಕದ್ದು ಮೊದಲನೆಯದು. ಅದನ್ನು ಉಪದೇಶದಿಂದ ಕಲಿಸಲಾಗದು; ಆಟದಂತೆ ಆಡಿಸಿ ಕಲಿಸಬೇಕು. ನಾನು ತರಗತಿಯಲ್ಲಿ ನಡಿಸಿ ನೋಡಿದ ನಾಲ್ಕು ಬಗೆಗಳನ್ನು ಶಿಕ್ಷಕ ಬಂಧುಗಳ ಮುಂದೆ ಇಡುವೆನು. ಇವಕ್ಕೆ ಹಣವಾಗಲಿ ಯಂತ್ರವಾಗಲಿ ಬೇಡ.

ಮೊದಲನೆಯದು, ಮೂರು ಮನೆಯ ಹಲಗೆ. ನಮ್ಮ ತಾಲೂಕಿನ ಮಾಗಡಿಯ ಕೆರೆಗೆ ಪ್ರತಿವರ್ಷ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಬಂದಿಳಿಯುವದನ್ನು ನೀವೆಲ್ಲರೂ ಬಲ್ಲಿರಿ. ನೀರಾವರಿಗಾಗಿ ಕಟ್ಟಿದ ಆ ಕೆರೆಯು 2024ರಲ್ಲಿ ರಾಮ್ಸಾರ್ ಜೌಗುಭೂಮಿಗಳ ಪಟ್ಟಿಯಲ್ಲಿ ಸೇರಿ ಜಗತ್ತಿಗೆ ಪರಿಚಿತವಾಯಿತು. ಮಕ್ಕಳನ್ನು ಅದರ ದಂಡೆಗೆ ಕರೆದೊಯ್ದು ಹಲಗೆಯ ಮೇಲೆ ಮೂರು ಮನೆ ಹಾಕಿಸಬೇಕು: ಕಂಡದ್ದು, ಊಹಿಸಿದ್ದು, ಕೇಳಿದ್ದು. ಶಾಸ್ತ್ರದ ಮಾತಿನಲ್ಲಿ ಇವು ಪ್ರತ್ಯಕ್ಷ, ಅನುಮಾನ, ಶಬ್ದ. 'ತಲೆಯ ಮೇಲೆ ಎರಡು ಕರಿಯ ಪಟ್ಟಿಗಳಿರುವವು' ಎಂಬದು ಮೊದಲ ಮನೆಗೆ ಸೇರುವದು. 'ಹೊಲದಲ್ಲಿ ಮೇಯ್ದು ಬಂದಿರಬೇಕು' ಎಂಬದು ಎರಡನೆಯದಕ್ಕೆ. 'ಹಿಮಾಲಯದ ಆಚೆಯಿಂದ ಬರುವವು' ಎಂಬದು ಮೂರನೆಯದಕ್ಕೆ. ಆಗ ಯಾವನಾದರೊಬ್ಬ ಹುಡುಗನು, ಹಿಮಾಲಯದಿಂದ ಬಂದದ್ದನ್ನು ಯಾರು ನೋಡಿದರೆಂದು ಕೇಳಿಯೇ ಕೇಳುವನು. ವಿಜ್ಞಾನಿಗಳು ಹಕ್ಕಿಯ ಕಾಲಿಗೂ ಕೊರಳಿಗೂ ಅಂಕಿಯುಳ್ಳ ಬಳೆ ತೊಡಿಸಿ ಬಿಟ್ಟು, ಬೇರೆ ದೇಶದಲ್ಲಿ ಅದೇ ಅಂಕಿಯನ್ನು ಕಂಡು ಅದರ ದಾರಿಯನ್ನು ತಿಳಿಯುವರೆಂದು ಹೇಳಬೇಕು. ಇನ್ನು ಹಕ್ಕಿಗಳನ್ನು ಎರಡು ಗುಂಪುಗಳಿಂದ ಬೇರೆಬೇರೆಯಾಗಿ ಎಣಿಸಿಸಿರಿ. ಲೆಕ್ಕ ಕೂಡುವದಿಲ್ಲ. ಯಾರು ಗೆದ್ದರೆಂದು ಕೇಳದೆ, ಏಕೆ ಕೂಡಲಿಲ್ಲವೆಂದು ಕೇಳಿರಿ. ಪಾಠವಿರುವದು ಅಲ್ಲಿಯೇ.

ಎರಡನೆಯದು, ಪಂಚಾವಯವದ ಆಟ. ಐದು ಮಕ್ಕಳನ್ನು ಸಾಲಾಗಿ ನಿಲ್ಲಿಸಬೇಕು. ಒಬ್ಬನು ಪ್ರತಿಜ್ಞೆ ಹೇಳುವನು: ಗುಡ್ಡದಲ್ಲಿ ಬೆಂಕಿಯುಂಟು. ಎರಡನೆಯವನು ಹೇತು: ಹೊಗೆಯಿರುವದರಿಂದ. ಮೂರನೆಯವನು ಉದಾಹರಣೆ: ಹೊಗೆಯಿದ್ದಲ್ಲಿ ಬೆಂಕಿ, ಅಡಿಗೆಮನೆಯಂತೆ. ನಾಲ್ಕನೆಯವನು ಉಪನಯ: ಈ ಗುಡ್ಡವೂ ಹಾಗೆ ಹೊಗೆಯುಳ್ಳದ್ದು. ಐದನೆಯವನು ನಿಗಮನ: ಆದ್ದರಿಂದ ಇಲ್ಲಿ ಬೆಂಕಿಯುಂಟು. ಉಳಿದ ತರಗತಿಯೆಲ್ಲ ಸೇರಿ ಈ ಐದು ಕೊಂಡಿಗಳಲ್ಲಿ ಸಡಿಲಾದದ್ದನ್ನು ಹುಡುಕಬೇಕು. ಮಳೆಗಾಲದ ಕಪ್ಪತಗುಡ್ಡದ ಮಂಜನ್ನು ಯಾರಾದರೂ ನೆನಸಿಕೊಂಡರೆ ಅವರಿಗೆ ಶಹಬಾಸ್ ಎನ್ನಿರಿ, ನಾನು ಅನ್ನಲಿಲ್ಲ. ಆಮೇಲೆ ಊರಿನ ಮಾತುಗಳನ್ನು ಇದೇ ಸಾಲಿಗೆ ತನ್ನಿರಿ. 'ದೃಷ್ಟಿ ತಾಗಿ ಶೇಂಗಾ ಬೆಳೆ ಕೆಟ್ಟಿತು' ಎಂಬವರುಂಟು. ಯಾರೂ ಕಣ್ಣಿಟ್ಟು ನೋಡದ ಹೊಲವೂ ಕೆಟ್ಟಿತೇ? ಎಲ್ಲರೂ ಹೊಗಳಿದ ಹೊಲ ಚೆನ್ನಾಗಿ ಬೆಳೆಯಿತೇ? ಮಳೆ ಯಾವಾಗ ಹೋಯಿತು? ಎಲೆಯ ಮೇಲೆ ಚುಕ್ಕೆ ಬಿದ್ದಿದ್ದವೇ? ಹೀಗೆ ಕೇಳುತ್ತ ಹೋದರೆ ಮಗುವು ಯಾರನ್ನೂ ಹೀಯಾಳಿಸದೆ ಕಾರಣದ ಬೇರಿಗೆ ಕೈ ಹಾಕುವದು.

ಮೂರನೆಯದು, ಪೂರ್ವಪಕ್ಷದ ವ್ರತ. ನಮ್ಮ ಶಾಸ್ತ್ರಕಾರರು ಎದುರಾಳಿಯ ಮತವನ್ನು ಮೊದಲು ತಾವೇ ಮಂಡಿಸಿ, ಆಮೇಲೆ ತಮ್ಮ ಸಿದ್ಧಾಂತವನ್ನು ಹೇಳುತ್ತಿದ್ದರು. ಮಕ್ಕಳಿಗೂ ಅದೇ ನಿಯಮ. ಹೆಬ್ಬಾತುಗಳು ಬೆಳೆ ಮೇಯ್ದರೆ ರೈತನಿಗೆ ನಷ್ಟ. ಅವುಗಳನ್ನು ಓಡಿಸಿದರೆ ಬಹುದೂರದ ಅತಿಥಿಗೆ ನೆಲೆಯಿಲ್ಲ. ಎರಡು ಪಕ್ಷ ಮಾಡಿ ಕೂಡ್ರಿಸಿರಿ. ಆದರೆ ಮೊದಲು ಎದುರಿನವರ ಮಾತನ್ನು, ಅವರು 'ಹೌದು, ನಾವು ಹೇಳಬೇಕೆಂದದ್ದು ಇದೇ' ಎಂದು ಒಪ್ಪುವಂತೆ ಹೇಳಿದವನಿಗೆ ಮಾತ್ರ ತನ್ನ ಮಾತಾಡುವ ಅಧಿಕಾರ. ಅರ್ಧ ತಾಸಿನ ಬಳಿಕ ಪಕ್ಷಗಳನ್ನು ಅದಲುಬದಲು ಮಾಡಿರಿ. ಒಮ್ಮೆ ರೈತನ ಮಗನೇ ಹಕ್ಕಿಯ ಪರವಾಗಿ ಮಾತಾಡಿ, ನಷ್ಟವನ್ನು ಒಬ್ಬ ರೈತನೇ ಏಕೆ ಹೊರಬೇಕು, ಊರೆಲ್ಲ ಹಂಚಿಕೊಳ್ಳಬಾರದೇ ಎಂದು ಕೇಳಿದನು. ಅಂಥ ಮಾತು ಜಲ್ಪದಿಂದ ಹುಟ್ಟಲಾರದು.

ನಾಲ್ಕನೆಯದು, ಆಪ್ತನ ಪರೀಕ್ಷೆ. ಆಪ್ತನ ವಾಕ್ಯವೇ ಪ್ರಮಾಣ. ಇದ್ದುದನ್ನು ಇದ್ದಂತೆ ಹೇಳುವವನೇ ಆಪ್ತನೆಂದು ಅನ್ನಂಭಟ್ಟರ ತರ್ಕಸಂಗ್ರಹವು ತಿಳಿಸುವದು. ಇಂದು ಮನೆಮನೆಯ ಮೊಬೈಲಿನಲ್ಲಿ ಬೆಳಗಾದರೆ ನೂರು ಸುದ್ದಿ ಬರುವವು: ಈ ಬೇರು ಸಕ್ಕರೆ ರೋಗವನ್ನು ಕಳೆಯುವದು, ಆ ಊರಲ್ಲಿ ಮಕ್ಕಳ ಕಳ್ಳರು ಬಂದರು, ಇಂಥ ಜನರನ್ನು ನಂಬಬೇಡಿರಿ. ವಾರಕ್ಕೊಂದು ಸುದ್ದಿಯನ್ನು ತರಗತಿಗೆ ತಂದು ಮೂರು ಪ್ರಶ್ನೆ ಕೇಳಿಸಿರಿ. ಹೇಳಿದವರು ಯಾರು? ಅವರು ಸ್ವತಃ ಕಂಡರೇ? ನಾವು ನಂಬುವದರಿಂದ ಅವರಿಗೇನು ಲಾಭ? ಮೂರಕ್ಕೂ ಉತ್ತರ ಸಿಗುವ ತನಕ ಆ ಸುದ್ದಿಯನ್ನು ಮುಂದಕ್ಕೆ ಕಳಿಸಬಾರದು. ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿಯಿಂದ 2018ರಲ್ಲಿ ನಮ್ಮ ರಾಜ್ಯದಲ್ಲಿಯೇ ನಿರಪರಾಧಿಗಳ ಜೀವ ಹೋಯಿತು. ಪ್ರಶ್ನೆ ಕೇಳಲು ಬಾರದ ಕೈ ಎಂಥ ಪಾಪಕ್ಕೂ ಸಾಧನವಾದೀತು. ಆದ್ದರಿಂದ ಈ ವಿದ್ಯೆ ಪರೀಕ್ಷೆಯ ಅಂಕಕ್ಕಾಗಿ ಮಾತ್ರ ಇರುವದಲ್ಲ.

2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಕಲಿಕೆಯನ್ನು ಬಾಯಿಪಾಠದಿಂದ ಬಿಡಿಸಬೇಕೆಂದಿತು. 2020ರ ಶಿಕ್ಷಣ ನೀತಿಯು ವಿಮರ್ಶೆಯ ಬುದ್ಧಿಯನ್ನು ಬೆಳೆಸಬೇಕೆನ್ನುವದು. ಸರಕಾರದ ಕಾಗದವು ಮನಸ್ಸಿನ ಬಾಗಿಲನ್ನು ತೆರೆಯಲಾರದು. ಅದನ್ನು ತೆರೆಯಬೇಕಾದವರು ಸಾಲೆಯಲ್ಲಿ ಮಾಸ್ತರರು, ಮನೆಯಲ್ಲಿ ತಾಯಿತಂದೆಗಳು. ತಾಯಂದಿರೇ, ಮಗುವು 'ಯಾಕ' ಎಂದರೆ 'ದೊಡ್ಡವರ ಮುಂದ ಬಾಯಿ ಬಿಡಬ್ಯಾಡ' ಎನ್ನಬೇಡಿರಿ, ಹೆಣ್ಣುಮಗುವಿಗಂತೂ ಎನ್ನಲೇಬೇಡಿರಿ. ಮುಕ್ತಾಯಕ್ಕನೂ ಹೆಣ್ಣುಮಗಳೇ. ಶಿಕ್ಷಕ ಬಂಧುಗಳೇ, ಉತ್ತರ ತಿಳಿಯದಿದ್ದರೆ 'ನಾಳೆ ನೋಡಿ ಹೇಳುವೆನು' ಎನ್ನಿರಿ, ಮತ್ತು ನಾಳೆ ಮರೆಯದೆ ಹೇಳಿರಿ. ಅದರಿಂದ ಗೌರವ ಕುಂದುವದಿಲ್ಲ. ಗೌರವವನ್ನು ಕಾಯಲು ಹೋಗಿ ನಾನು ಒಬ್ಬ ಶಿಷ್ಯನನ್ನು ಕಳೆದುಕೊಂಡೆನು.

ಆ ಹುಡುಗನು ಈಗ ಎಲ್ಲಿರುವನೋ ಅರಿಯೆನು. ಈ ಮಾತುಗಳು ಸ್ಮರಣ ಸಂಪುಟದಲ್ಲಿ ಅಚ್ಚಾಗುವವೆಂದು ಕೇಳಿರುವೆನು. ದೈವವಶಾತ್ ಅವನ ಕೈಗೆ ಸಿಕ್ಕರೆ ಓದಿಕೊಳ್ಳಲಿ: ಮಗೂ, ಅಂದು ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಮಂಜು ಹೊಗೆಯಂತೆ ಕಂಡಾಗ, ಇನ್ನಷ್ಟು ಹತ್ತಿರ ಹೋಗಿ ನೋಡಬೇಕು.